ಮಾತ್ರೆ ಕೊಟ್ಟಾದ ಮೇಲೆ

ಸರ್ಕಾರಿ ಆಸ್ಪತ್ರೆಯ ಮೆಡಿಕಲ್ ವಾರ್ಡಿಗೆ ಸ್ಟಾಫ್ ನರ್ಸ್ ಆಗಿ ಸೇರಿದ ಹೊಸತರಲ್ಲಿ, ಟ್ರೇ ಖಾಲಿಯಾಗಿ ಕೇಸ್ ಶೀಟಿಗೆ ಸಹಿ ಬಿದ್ದರೆ ನನ್ನ ಕೆಲಸ ಮುಗಿಯಿತು ಎಂದುಕೊಂಡಿದ್ದೆ. ಮಾತ್ರೆ ರೋಗಿಯ ಹೊಟ್ಟೆಗೆ ಹೋದ ಮೇಲೆ ಅದು ಡಾಕ್ಟರ ಲೆಕ್ಕ ಎಂಬುದು ಆಗಿನ ತಿಳಿವಳಿಕೆ. ಅದು ತಪ್ಪೆಂದು ಕಲಿಸಿದವರು ರೋಗಿಗಳು. ಅವರಲ್ಲಿ ಕೆಲವರು ನನ್ನಿಂದಲೇ ತೊಂದರೆಪಟ್ಟರು, ಅದನ್ನು ಮುಚ್ಚಿಡುವುದರಿಂದ ಯಾರಿಗೂ ಉಪಯೋಗವಿಲ್ಲ. ಹೊಸದಾಗಿ ಡ್ಯೂಟಿಗೆ ಬರುವವರಿಗೆ, ಮನೆಯಲ್ಲಿ ಕಾಯಿಲೆಯವರನ್ನು ನೋಡಿಕೊಳ್ಳುವವರಿಗೆ ನೆರವಾದೀತೆಂದು ಬರೆಯುತ್ತಿದ್ದೇನೆ.

1. ಕುಟ್ಟುವ ಮೊದಲು ಸ್ಟ್ರಿಪ್ ಓದು

ಲಕ್ವ ಹೊಡೆದು ನುಂಗಲಾಗದ ರೋಗಿಯೊಬ್ಬರಿಗೆ ಮೂಗಿನಲ್ಲಿ ರೈಲ್ಸ್ ಟ್ಯೂಬ್ ಹಾಕಿತ್ತು. ಬೆಳಗಿನ ಮಾತ್ರೆಗಳನ್ನೆಲ್ಲ ಒಟ್ಟಿಗೆ ಕುಟ್ಟಿ ನೀರಲ್ಲಿ ಕದಡಿ ಟ್ಯೂಬಿಗೆ ಬಿಟ್ಟೆ. ಅದರಲ್ಲಿ ಬಿಪಿಯ ನಿಫೆಡಿಪಿನ್ ರಿಟಾರ್ಡ್ ಕೂಡ ಇತ್ತು. ಸ್ವಲ್ಪ ಹೊತ್ತಿಗೆಲ್ಲ ಅವರ ಮೈ ಬೆವೆತು ತಣ್ಣಗಾಯಿತು, ಬಿಪಿ ಸರ್ರನೆ ಇಳಿಯಿತು. ಕಾಲು ಎತ್ತರಿಸಿ, ಡ್ರಿಪ್ ಹಾಕಿ, ಡಾಕ್ಟರು ಪಕ್ಕದಲ್ಲೇ ನಿಂತು ನೋಡಿಕೊಂಡರು. ರೋಗಿ ಚೇತರಿಸಿಕೊಂಡರು. ಸೀನಿಯರ್ ಸಿಸ್ಟರ್ ಬೈಯಲಿಲ್ಲ. ಖಾಲಿ ಸ್ಟ್ರಿಪ್ ಕೈಗೆ ಕೊಟ್ಟು, "ಏನು ಬರೆದಿದೆ ಓದಮ್ಮ" ಎಂದರು.

ರಿಟಾರ್ಡ್, ಎಸ್‌ಆರ್, ಇಆರ್, ಎಕ್ಸ್‌ಎಲ್ ಎಂದಿದ್ದರೆ ಮದ್ದು ಗಂಟೆಗಟ್ಟಲೆ ನಿಧಾನವಾಗಿ ಬಿಡುಗಡೆಯಾಗುವಂತೆ ಆ ಮಾತ್ರೆಯನ್ನು ಕಟ್ಟಿರುತ್ತಾರೆ. ಕುಟ್ಟಿದರೆ 12 ಗಂಟೆಯ ಮದ್ದು ಒಂದೇ ಸಲಕ್ಕೆ ರಕ್ತಕ್ಕಿಳಿಯುತ್ತದೆ. ಪ್ಯಾಂಟೊಪ್ರಜೋಲ್ ಮಾತ್ರೆಯದು ಬೇರೆ ಕಥೆ. ಜಠರದ ಆಮ್ಲಕ್ಕೆ ಸಿಕ್ಕರೆ ಆ ಮದ್ದು ಹಾಳಾಗುತ್ತದೆ, ಕರುಳು ಮುಟ್ಟುವವರೆಗೆ ಅದನ್ನು ಕಾಯುವುದು ಮೇಲಿನ ಲೇಪ. ಲೇಪ ಒಡೆದು ಕೊಟ್ಟರೆ ಕೊಟ್ಟದ್ದು ವ್ಯರ್ಥ. ಈಗ ಟ್ಯೂಬ್ ಇರುವ ರೋಗಿಯ ಪ್ರತಿಯೊಂದು ಮಾತ್ರೆಯನ್ನೂ ಡಾಕ್ಟರಲ್ಲಿ ಕೇಳಿಯೇ ಕುಟ್ಟುತ್ತೇನೆ. ಸಿರಪ್ಪೋ, ಸಾದಾ ಮಾತ್ರೆಯನ್ನೇ ಹೆಚ್ಚು ಸಲವೋ, ಅವರು ಬದಲಿ ಬರೆದುಕೊಡುತ್ತಾರೆ.

2. ತಿಂಡಿ ಬಂದಿದೆಯೇ ನೋಡಿ ಇನ್ಸುಲಿನ್ ಕೊಡು

ರೆಗ್ಯುಲರ್ ಇನ್ಸುಲಿನ್ ಚರ್ಮದಡಿ ಚುಚ್ಚಿದ ಅರ್ಧ ಗಂಟೆಗೆ ಕೆಲಸ ಶುರುಮಾಡುತ್ತದೆ, ಎರಡರಿಂದ ನಾಲ್ಕು ಗಂಟೆಯಲ್ಲಿ ಅದರ ಜೋರು ಹೆಚ್ಚು. ಊಟಕ್ಕೆ ಅರ್ಧ ಗಂಟೆ ಮುಂಚೆ ಎಂಬ ನಿಯಮ ನನಗೆ ಬಾಯಿಪಾಠವಾಗಿತ್ತು. ಅವತ್ತು ಅಡುಗೆಮನೆಯ ಗಾಡಿ ತಡವಾಗಿದ್ದನ್ನು ಮಾತ್ರ ಗಮನಿಸಲಿಲ್ಲ. ಗಡಿಯಾರ ನೋಡಿ ಚುಚ್ಚಿದೆ, ರೋಗಿಯನ್ನು ನೋಡಲಿಲ್ಲ. ಆಮೇಲೆ ನೋಡಿದರೆ ಆ ಯಜಮಾನರು ನಡುಗುತ್ತ, ಬೆವರುತ್ತ ಅರ್ಥವಿಲ್ಲದ ಮಾತಾಡುತ್ತಿದ್ದರು. ಎಚ್ಚರವಿದ್ದು ನುಂಗುವ ಹಾಗಿದ್ದರಿಂದ ಮೂರು ಚಮಚ ಸಕ್ಕರೆ ಕದಡಿದ ನೀರು ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ಶುಗರ್ ನೋಡಿದೆವು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕುವಂತಿಲ್ಲ, ಶ್ವಾಸಕೋಶಕ್ಕೆ ಹೋಗುತ್ತದೆ. ನರಕ್ಕೆ ಗ್ಲೂಕೋಸ್ ಕೊಡಬೇಕು.

ಮನೆಯಲ್ಲಿ ಚುಚ್ಚಿಕೊಳ್ಳುವವರು ಸಿರಿಂಜಿನ ಮುಚ್ಚಳದ ಬಣ್ಣವನ್ನೂ ನೋಡಬೇಕು. ನಮ್ಮಲ್ಲಿ ಸೀಸೆಯಲ್ಲಿ ಸಿಗುವ ಇನ್ಸುಲಿನ್ ಹೆಚ್ಚಾಗಿ ಮಿಲಿಲೀಟರಿಗೆ 40 ಯೂನಿಟ್ ಇರುತ್ತದೆ, ಅದಕ್ಕೆ ಕೆಂಪು ಮುಚ್ಚಳದ ಸಿರಿಂಜು. ಕಿತ್ತಳೆ ಮುಚ್ಚಳದ್ದು 100 ಯೂನಿಟ್ಟಿನದಕ್ಕೆ. ಕೆಂಪು ಮುಚ್ಚಳದ ಸಿರಿಂಜಿನಲ್ಲಿ 100ರ ಇನ್ಸುಲಿನ್ ಎಳೆದು 20ರ ಗೆರೆಗೆ ನಿಲ್ಲಿಸಿದರೆ ಮೈಗೆ ಹೋಗುವುದು 50 ಯೂನಿಟ್. ಜೀವಕ್ಕೆ ಅಪಾಯ. ಅದಲುಬದಲಾಗಿ 40ರದನ್ನು ಕಿತ್ತಳೆ ಸಿರಿಂಜಿಗೆ ಎಳೆದರೆ ಅದೇ ಗೆರೆಗೆ ಬರೀ 8 ಯೂನಿಟ್, ಶುಗರ್ ಇಳಿಯುವುದೇ ಇಲ್ಲ.

3. ನಾಲಿಗೆಯಡಿಯ ಮಾತ್ರೆಯನ್ನು ನುಂಗಿಸಬೇಡ

ಎದೆನೋವಿಗೆ ಬರೆದುಕೊಡುವ ಸಾರ್ಬಿಟ್ರೇಟನ್ನು ಗಾಬರಿಯಲ್ಲಿ ನೀರು ಕುಡಿದು ನುಂಗಿಬಿಡುತ್ತಾರೆ. ನುಂಗಿದ್ದೆಲ್ಲ ಕರುಳಿನಿಂದ ಮೊದಲು ಪಿತ್ತಜನಕಾಂಗಕ್ಕೆ ಹೋಗುತ್ತದೆ, ಅಲ್ಲಿ ಈ ಮದ್ದಿನ ಬಹುಪಾಲು ಹೃದಯ ಮುಟ್ಟುವ ಮೊದಲೇ ಒಡೆದುಹೋಗುತ್ತದೆ. ನಾಲಿಗೆಯಡಿಯ ರಕ್ತನಾಳಗಳಿಗೆ ಪಿತ್ತಜನಕಾಂಗದ ಹಾದಿ ಇಲ್ಲ, ಆದ್ದರಿಂದ ಕೆಲವೇ ನಿಮಿಷಕ್ಕೆ ಗುಣ ಕಾಣುತ್ತದೆ. ಬಿಪಿಯೂ ಇಳಿಯುವುದರಿಂದ ನಿಂತುಕೊಂಡು ಹಾಕಿಕೊಳ್ಳಬಾರದು, ಕೂತುಕೊಳ್ಳಬೇಕು. ಬಿಡುಗಡೆಯ ದಿನ ಇದನ್ನು ಬಾಯಲ್ಲಿ ಹೇಳಿದರೆ ಸಾಲದು, ರೋಗಿಯಿಂದಲೇ ಒಮ್ಮೆ ಹೇಳಿಸಬೇಕು.

4. ಬೆನ್ನು ನೋಡದೆ ಡ್ಯೂಟಿ ಮುಗಿಸಬೇಡ

ನನ್ನ ಅತಿ ದೊಡ್ಡ ಸೋಲು ಇದು. ಜ್ವರ ಏರಿ ಎಚ್ಚರ ತಪ್ಪಿದ್ದ ಅಜ್ಜಿಯೊಬ್ಬರ ಚಾರ್ಟನ್ನು ನಾನು ತುಂಬ ಶಿಸ್ತಾಗಿ ಬರೆಯುತ್ತಿದ್ದೆ. ನಾಡಿ, ಬಿಪಿ, ಉಷ್ಣತೆ, ಮೂತ್ರದ ಅಳತೆ, ಯಾವುದೂ ತಪ್ಪಿರಲಿಲ್ಲ. ಒಂದು ಬೆಳಗ್ಗೆ ಅವರ ಮಗಳು, "ಸಿಸ್ಟರ್, ಅಮ್ಮನ ಬೆನ್ನ ಹತ್ತಿರ ಏನೋ ವಾಸನೆ ಬರ್ತಿದೆ" ಎಂದರು. ಮಗ್ಗುಲಾಗಿಸಿ ನೋಡಿದರೆ ಬೆನ್ನುಮೂಳೆಯ ಬುಡದಲ್ಲಿ ಚರ್ಮ ಕಪ್ಪಾಗಿ ಸುಲಿದಿತ್ತು. ಜ್ವರ ಇಳಿದು ಅಜ್ಜಿ ಮಾತಾಡತೊಡಗಿದರು, ಹುಣ್ಣು ಮಾತ್ರ ಅವರ ಜೊತೆ ಮನೆಗೇ ಹೋಯಿತು. ಆ ಮಗಳ ಮುಖ ನೋಡಿ ಮಾತಾಡಲು ನನಗೆ ಆಗುತ್ತಿರಲಿಲ್ಲ.

ಮೂಳೆಗೂ ಹಾಸಿಗೆಗೂ ನಡುವೆ ಸಿಕ್ಕ ಚರ್ಮದ ಸಣ್ಣ ರಕ್ತನಾಳಗಳು ಮುಚ್ಚಿಹೋಗುತ್ತವೆ. ರಕ್ತ ನಿಂತ ಜಾಗ ಒಳಗಿನಿಂದ ಸಾಯತೊಡಗುತ್ತದೆ, ಮೇಲೆ ಕಾಣುವ ಹೊತ್ತಿಗೆ ಒಳಗೆ ಆಳವಾಗಿರುತ್ತದೆ. ಚರ್ಮ ಕೆಂಪಾಗುವುದನ್ನು ಗಮನಿಸಿ ಎಂದು ಪುಸ್ತಕದಲ್ಲಿ ಓದಿದ್ದೆ. ಆದರೆ ನಮ್ಮ ಹೆಚ್ಚಿನ ರೋಗಿಗಳದು ಕಪ್ಪು ಚರ್ಮ, ಅಲ್ಲಿ ಆ ಕೆಂಪು ಕಾಣುವುದೇ ಇಲ್ಲ. ಕೈ ಇಟ್ಟು ನೋಡಬೇಕು. ಸುತ್ತಲಿನ ಜಾಗಕ್ಕಿಂತ ಬಿಸಿಯಾಗಿದೆಯೇ, ತಣ್ಣಗಿದೆಯೇ, ಗಟ್ಟಿಯಾಗಿದೆಯೇ, ಮೆತ್ತಗಾಗಿದೆಯೇ, ಮುಟ್ಟಿದರೆ ರೋಗಿ ಮುಖ ಕಿವುಚುತ್ತಾರೆಯೇ. ಇಷ್ಟು ವರ್ಷಗಳಲ್ಲಿ ನನ್ನ ಕಣ್ಣಿಗಿಂತ ಬೆರಳು ಹೆಚ್ಚು ಹುಣ್ಣುಗಳನ್ನು ಮೊದಲೇ ಹಿಡಿದುಕೊಟ್ಟಿದೆ.

ತಾನಾಗಿ ಹೊರಳಲಾಗದವರನ್ನು ಎರಡು ಗಂಟೆಗೊಮ್ಮೆ ಹೊರಳಿಸಿ. ಪೂರ್ತಿ ಮಗ್ಗುಲಿಗೆ ಹಾಕಿದರೆ ಸೊಂಟದ ಮೂಳೆಗೆ ಭಾರ ಬೀಳುತ್ತದೆ, ಬೆನ್ನ ಹಿಂದೆ ದಿಂಬು ಕೊಟ್ಟು ಸುಮಾರು 30 ಡಿಗ್ರಿ ವಾಲಿಸಿದರೆ ಸಾಕು. ಮೀನಖಂಡದ ಕೆಳಗೆ ದಿಂಬಿಟ್ಟು ಹಿಮ್ಮಡಿಗಳು ಹಾಸಿಗೆಗೆ ತಾಗದಂತೆ ಮಾಡಿ. ಮೇಲಕ್ಕೆ ಸರಿಸುವಾಗ ಎಳೆಯಬೇಡಿ, ಇಬ್ಬರು ಸೇರಿ ಬೆಡ್‌ಶೀಟ್ ಹಿಡಿದು ಎತ್ತಿ. ಅನುಮಾನ ಬಂದ ಜಾಗವನ್ನು ಎಣ್ಣೆ ಹಚ್ಚಿ ತಿಕ್ಕಬಾರದು, ಒಳಗೆ ನಲುಗಿದ್ದು ಇನ್ನಷ್ಟು ಹರಿಯುತ್ತದೆ. ಅಂಗಡಿಯಲ್ಲಿ ಸಿಗುವ ಬಳೆಯಾಕಾರದ ಗಾಳಿದಿಂಬೂ ಬೇಡ, ಅದರ ಅಂಚು ಸುತ್ತಲಿನ ರಕ್ತವನ್ನು ತಡೆಯುತ್ತದೆ. ಒದ್ದೆ ಡೈಪರ್ ಹಾಗೇ ಬಿಡಬೇಡಿ. ಮೊಟ್ಟೆಯೋ ಬೇಳೆಯ ಕಟ್ಟೋ, ಪ್ರೋಟೀನ್ ಹೋಗದೆ ಗಾಯ ಮಾಯುವುದಿಲ್ಲ.

5. ರಿಪೋರ್ಟ್ ನಾರ್ಮಲ್ ಇದ್ದರೂ ಮುದುಕರ ಕಿಡ್ನಿ ನಾರ್ಮಲ್ ಅಲ್ಲದಿರಬಹುದು

ನರನೋವಿಗೆ ಪ್ರಿಗ್ಯಾಬಲಿನ್ ಶುರುಮಾಡಿದ ಮೇಲೆ ಬಡಕಲು ಅಜ್ಜಿಯೊಬ್ಬರು ಹಗಲೆಲ್ಲ ತೂಕಡಿಸತೊಡಗಿದರು. ವಯಸ್ಸಾಯಿತಲ್ಲ ಎಂದು ಮನೆಯವರು ಅಂದರು, ನಾನೂ ಹಾಗೇ ಅಂದುಕೊಂಡು ಡಾಕ್ಟರಿಗೆ ಹೇಳಲಿಲ್ಲ. ಮೂತ್ರಕ್ಕೆಂದು ಎದ್ದವರು ಬಿದ್ದರು. ಪುಣ್ಯಕ್ಕೆ ಮೂಳೆ ಮುರಿಯಲಿಲ್ಲ.

ಕಿಡ್ನಿ ಹೇಗಿದೆಯೆಂದು ತಿಳಿಯಲು ರಕ್ತದಲ್ಲಿ ಅಳೆಯುವ ಕ್ರಿಯಾಟಿನಿನ್ ಹುಟ್ಟುವುದು ಸ್ನಾಯುಗಳಿಂದ. ಸ್ನಾಯು ಕರಗಿದವರಲ್ಲಿ ಅದು ಹುಟ್ಟುವುದೇ ಕಡಿಮೆ, ಆದ್ದರಿಂದ ಕಿಡ್ನಿ ಸೋತಿದ್ದರೂ ರಕ್ತದಲ್ಲಿ ಏರುವುದಿಲ್ಲ. 80 ವರ್ಷದ, 40 ಕಿಲೋ ತೂಕದ ಹೆಂಗಸಿಗೆ ಕ್ರಿಯಾಟಿನಿನ್ 1.0 ಬಂದರೆ ಲ್ಯಾಬಿನವರು ಗುರುತು ಹಾಕುವುದಿಲ್ಲ. 1976ರಲ್ಲಿ ಪ್ರಕಟವಾದ ಕಾಕ್‌ಕ್ರಾಫ್ಟ್–ಗಾಲ್ಟ್ ಸೂತ್ರದಲ್ಲಿ ಲೆಕ್ಕ ಹಾಕಿದರೆ ಅವರ ಕಿಡ್ನಿ ನಿಮಿಷಕ್ಕೆ ಶುದ್ಧಿ ಮಾಡುವುದು ಸುಮಾರು 28 ಮಿಲಿಲೀಟರ್ ಮಾತ್ರ. ಆರೋಗ್ಯವಂತ ಯುವಕರಲ್ಲಿ ಅದು 100ರ ಆಸುಪಾಸು. ಪ್ರಿಗ್ಯಾಬಲಿನ್ ಹೆಚ್ಚುಕಡಿಮೆ ಪೂರ್ತಿ ಕಿಡ್ನಿಯಿಂದಲೇ ಹೊರಹೋಗುವ ಮದ್ದು. ಸರಿಯಾದ ಕಿಡ್ನಿಯಿದ್ದರೆ ಸುಮಾರು ಆರು ಗಂಟೆಗೆ ರಕ್ತದಲ್ಲಿ ಅರ್ಧಕ್ಕಿಳಿಯುತ್ತದೆ, ಇಂಥವರಲ್ಲಿ ಅದಕ್ಕೇ ಸುಮಾರು ಒಂದು ದಿನ ಹಿಡಿಯುತ್ತದೆ. ಹಿಂದಿನದು ಹೋಗುವ ಮೊದಲೇ ಮುಂದಿನದು ಬಂದು ಬೀಳುತ್ತದೆ. ಡಾಕ್ಟರು ಡೋಸ್ ಇಳಿಸಿದ ಮೇಲೆ ಆ ಅಜ್ಜಿ ಮತ್ತೆ ಪಕ್ಕದ ಹಾಸಿಗೆಯವರ ಜೊತೆ ಹರಟತೊಡಗಿದರು. ಹೊಸ ಮದ್ದು ಶುರುವಾದ ಮೇಲೆ ಮುದುಕರಲ್ಲಿ ಕಾಣುವ ಯಾವ ಬದಲಾವಣೆಯನ್ನೂ ಮೊದಲು ಮದ್ದಿನ ಲೆಕ್ಕಕ್ಕೆ ಹಿಡಿದು, ಆಮೇಲೆ ವಯಸ್ಸಿಗೆ ಹಾಕಬೇಕು.

6. ಆಗುವುದನ್ನು ಮೊದಲೇ ಹೇಳು

ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಮೂತ್ರ, ಬೆವರು, ಕಣ್ಣೀರನ್ನೂ ಕೇಸರಿಗೆಂಪು ಮಾಡುತ್ತದೆ. ಅದರಿಂದ ಏನೂ ಅಪಾಯವಿಲ್ಲ. ಹೇಳಲು ನಾನು ಮರೆತ ಒಬ್ಬ ಹುಡುಗ ರಕ್ತ ಹೋಗುತ್ತಿದೆಯೆಂದು ಹೆದರಿ ಮಾತ್ರೆ ಬಿಟ್ಟೇಬಿಟ್ಟ, ಕೆಮ್ಮು ಮರುಕಳಿಸಿದ ಮೇಲೆ ವಾಪಸ್ ಬಂದ. ಆರು ತಿಂಗಳು ಬಿಡದೆ ನುಂಗಬೇಕಾದ ಮದ್ದನ್ನು ನಡುವೆ ಬಿಟ್ಟರೆ ಉಳಿದ ರೋಗಾಣು ಮದ್ದಿಗೆ ಬಗ್ಗದಂತಾಗಬಹುದು. ಎರಡು ನಿಮಿಷದ ಮಾತು ನಾನು ಉಳಿಸಿದ್ದೆ.

7. ಹೆಸರು ಬೇರೆ, ಒಳಗಿನ ಮದ್ದು ಒಂದೇ

ಜ್ವರಕ್ಕೆ ಡೋಲೋ, ಮೈಕೈ ನೋವಿಗೆ ಕ್ರೋಸಿನ್, ನೆಗಡಿಗೆ ಅಂಗಡಿಯವರು ಕೊಟ್ಟ ಇನ್ನೊಂದು ಮಾತ್ರೆ. ಮೂರರಲ್ಲೂ ಪ್ಯಾರಾಸಿಟಮಾಲ್ ಇರುತ್ತದೆ. ವಯಸ್ಕರಿಗೆ 24 ಗಂಟೆಯಲ್ಲಿ ಹೆಚ್ಚೆಂದರೆ 4 ಗ್ರಾಂ, ಅಂದರೆ 650ರ ಆರು ಮಾತ್ರೆ. ಬಡಕಲು ದೇಹದವರಿಗೆ, ಕುಡಿಯುವ ಚಟವಿದ್ದವರಿಗೆ ಮಿತಿ ಇನ್ನೂ ಕಡಿಮೆ. ಪಿತ್ತಜನಕಾಂಗ ಇದನ್ನು ಒಡೆಯುವಾಗ ಸ್ವಲ್ಪ ಭಾಗ ವಿಷವಾಗುತ್ತದೆ. ಅದನ್ನು ತಣಿಸುವ ಗ್ಲುಟಾಥಯೋನ್ ಮಿತಿಯೊಳಗೆ ಸಾಕಾಗುತ್ತದೆ, ಮಿತಿ ಮೀರಿದರೆ ಖಾಲಿಯಾಗಿ ಪಿತ್ತಜನಕಾಂಗವೇ ಸಾಯತೊಡಗುತ್ತದೆ. ಮೊದಲ ದಿನ ಬರೀ ವಾಕರಿಕೆ, ಕೆಲವರಿಗೆ ಅದೂ ಇಲ್ಲ. ಪ್ರತಿಮದ್ದು ಇದೆ, ಎಂಟು ಗಂಟೆಯೊಳಗೆ ಶುರುಮಾಡಿದರೆ ಚೆನ್ನಾಗಿ ಕೆಲಸ ಮಾಡುತ್ತದೆ, ತಡವಾದಷ್ಟೂ ಅದರ ಬಲ ತಗ್ಗುತ್ತದೆ.

"ಏನೇನು ಮಾತ್ರೆ ತಗೋತೀರಿ?" ಎಂದು ಕೇಳಿದರೆ "ಬಿಪಿದು ಒಂದು, ಬಿಳೀದು ಒಂದು" ಎನ್ನುತ್ತಾರೆ. ಅಷ್ಟರಿಂದ ನಮಗೆ ಏನೂ ತಿಳಿಯುವುದಿಲ್ಲ. ಮುಂದಿನ ಸಲ ಆಸ್ಪತ್ರೆಗೆ ಬರುವಾಗ ಮನೆಯಲ್ಲಿರುವ ಮಾತ್ರೆ, ಸಿರಪ್ಪು, ಚೂರ್ಣ, ನಾಟಿ ಮದ್ದು ಎಲ್ಲವನ್ನೂ ಒಂದು ಚೀಲಕ್ಕೆ ಹಾಕಿಕೊಂಡು ಬನ್ನಿ. ಸ್ಟ್ರಿಪ್ ಕತ್ತರಿಸುವಾಗ ಹೆಸರಿರುವ ಭಾಗವನ್ನು ಉಳಿಸಿಕೊಳ್ಳಿ.