ಗಡಿಯಾರಗಳ ಒಡೆಯ

ಬಾದಾಮಿಯ ಸಮೀಪದ ಚೊಳಚಗುಡ್ಡದಲ್ಲಿ ಬನದ ಹುಣ್ಣಿಮೆಯಂದು ಬನಶಂಕರಿಯ ತೇರು ಸಾಗುತ್ತದೆ. ಜಾತ್ರೆಗೆ ನೆರೆದವರ ಗಡಿಯಾರಗಳೆಲ್ಲ ಒಂದೇ ವೇಳೆಯನ್ನು ತೋರಬೇಕು. ಆದರೆ ಅದು ಆ ಊರಿನ ಸೂರ್ಯನು ತೋರುವ ವೇಳೆಯಲ್ಲ. ಭಾರತದ ಪ್ರಮಾಣಕಾಲವು 82.5 ಡಿಗ್ರಿ ಪೂರ್ವ ರೇಖಾಂಶವನ್ನು ಆಧರಿಸಿದೆ. ಚೊಳಚಗುಡ್ಡವಿರುವುದು ಸುಮಾರು 75.7 ಡಿಗ್ರಿಯಲ್ಲಿ. ಭೂಮಿಯು ಒಂದು ಡಿಗ್ರಿ ತಿರುಗಲು ನಾಲ್ಕು ನಿಮಿಷ ಬೇಕು. ಆದ್ದರಿಂದ ಅಲ್ಲಿ ನಡುಹಗಲಾಗುವುದು, ವರ್ಷದ ಸರಾಸರಿಯಲ್ಲಿ, ಗಡಿಯಾರ 12 ಹೊಡೆದ 27 ನಿಮಿಷಗಳ ತರುವಾಯ. ಹಿಂದೆ ಊರೂರಿಗೂ ಬೇರೆ ವೇಳೆಯಿದ್ದಿತು. ರೈಲು ಬಂದ ಮೇಲೆ ಅದು ಸಾಗದಾಯಿತು. 1906ರ ಜನವರಿ 1ರಿಂದ ಭಾರತೀಯ ಪ್ರಮಾಣಕಾಲವು ಜಾರಿಗೆ ಬಂದಿತು.

ದೇಶಕ್ಕಿದ್ದ ಈ ತೊಡಕು ಒಂದೇ ಕಟ್ಟಡದೊಳಗೂ ಇದ್ದಿತು. ಕಾರ್ಖಾನೆಯ ಹತ್ತು ಗಡಿಯಾರಗಳು ಹತ್ತು ವೇಳೆ ತೋರಿದರೆ ಕೆಲಸ ನಡೆಯುವುದು ಹೇಗೆ? ಸ್ಕಾಟ್ಲೆಂಡಿನ ಅಲೆಗ್ಸಾಂಡರ್ ಬೇನ್ ಎಂಬ ಗಡಿಯಾರದ ಕುಶಲಕರ್ಮಿಯು 1841ರಲ್ಲಿ ವಿದ್ಯುತ್ ಗಡಿಯಾರಕ್ಕೆ ಪೇಟೆಂಟ್ ಪಡೆದನು. 1895ರಲ್ಲಿ ಇಂಗ್ಲೆಂಡಿನ ಹೋಪ್-ಜೋನ್ಸ್ ಮತ್ತು ಬೋವೆಲ್ ಎಂಬವರು ಪೇಟೆಂಟ್ ಪಡೆದ ವಿಧಾನದಿಂದ ಸಿಂಕ್ರೊನೋಮ್ ಗಡಿಯಾರವು ಬೆಳೆಯಿತು.

ಇದರಲ್ಲಿ ಒಂದು ಪ್ರಧಾನ ಗಡಿಯಾರವಿದ್ದು, ಉಳಿದವು ಅನುಚರ ಗಡಿಯಾರಗಳಾಗಿರುತ್ತವೆ. ಪ್ರಧಾನ ಗಡಿಯಾರದ ಲೋಲಕವು ಎರಡು ಸೆಕೆಂಡಿಗೊಮ್ಮೆ ಹೋಗಿಬರುತ್ತ, 15 ಹಲ್ಲುಗಳ ಗಾಲಿಯನ್ನು ಒಂದೊಂದು ಹಲ್ಲಿನಷ್ಟು ಸರಿಸುತ್ತದೆ. ಮೂವತ್ತು ಸೆಕೆಂಡಿಗೆ ಗಾಲಿಯ ಒಂದು ಸುತ್ತು ಮುಗಿದಾಗ, ಮೇಲೆ ತಡೆದಿಟ್ಟ ಭಾರದ ತೋಳು ಕೆಳಗಿಳಿದು ಲೋಲಕವನ್ನು ಮೆಲ್ಲನೆ ತಳ್ಳುತ್ತದೆ. ಕೂಡಲೆ ವಿದ್ಯುನ್ಮಂಡಲವು ಪೂರ್ಣಗೊಂಡು, ವಿದ್ಯುತ್ಕಾಂತವು ತೋಳನ್ನು ಮರಳಿ ಮೇಲಕ್ಕೆಸೆಯುತ್ತದೆ. ಅದೇ ಮಿಡಿತವು ತಂತಿಯ ಮೂಲಕ ಹರಿದು, ಪ್ರತಿ ಅನುಚರ ಗಡಿಯಾರದ ಮುಳ್ಳನ್ನು ಅರ್ಧ ನಿಮಿಷ ಮುಂದಕ್ಕೆ ಸರಿಸುತ್ತದೆ. ಹೀಗೆ ದಿನಕ್ಕೆ 2,880 ಬಾರಿ. ಅನುಚರ ಗಡಿಯಾರಕ್ಕೆ ಸ್ವಂತ ಲೋಲಕವಿಲ್ಲ. ಅದು ಮಿಡಿತಗಳನ್ನು ಎಣಿಸುವುದಷ್ಟೆ.

ಕ್ವಾರ್ಟ್ಸ್ ಗಡಿಯಾರಗಳು ಬಂದ ಬಳಿಕ ಇವು ಮೂಲೆಗುಂಪಾದವು. ಒಡೆಯನೊಂದು ಕಡೆ, ಅನುಚರರೊಂದು ಕಡೆ ಹಂಚಿಹೋದುದುಂಟು. ಮಿಡಿತ ಕಳುಹಿಸುವವನಿಲ್ಲದೆ ಅನುಚರ ಗಡಿಯಾರವು ಮೂಕ. ಆದ್ದರಿಂದ ಇವುಗಳ ಸಂಗ್ರಾಹಕರು ಬಿಡಿ ವಸ್ತುಗಳನ್ನಷ್ಟೇ ಅಲ್ಲ, ಕಡಿದ ಸಂಬಂಧವನ್ನೂ ಕೂಡಿಸಬೇಕಾಗುತ್ತದೆ. ಜೀರ್ಣೋದ್ಧಾರಕ್ಕೆ ತಾಳ್ಮೆ ಬೇಕು. ಮನೆಯ ವಿದ್ಯುತ್ತನ್ನು ನೇರವಾಗಿ ಜೋಡಿಸಿದರೆ ಹಳೆಯ ತಂತಿಸುರುಳಿ ಸುಟ್ಟುಹೋದೀತು. ಮೊದಲು ಸುರುಳಿಗಳನ್ನು ಪರೀಕ್ಷಿಸಿ, ಕಿಲುಬು ಹಿಡಿದ ಸಂಪರ್ಕಬಿಂದುಗಳನ್ನು ಶುಚಿಗೊಳಿಸಿ, ಬಳಿಕ ಬ್ಯಾಟರಿಯ ಅಲ್ಪ ವಿದ್ಯುತ್ತನ್ನು ಹರಿಸಬೇಕು. ಮೂಲ ಭಾಗಗಳನ್ನು ಕೈಲಾದಮಟ್ಟಿಗೆ ಉಳಿಸಬೇಕು, ಬದಲಿಸಿದುದನ್ನು ಬರೆದಿಡಬೇಕು. ಭಾಗವೊಂದನ್ನು ಎಸೆದರೆ, ಅದನ್ನು ಮಾಡಿದವನ ಯೋಚನೆಯ ಕುರುಹೂ ಅದರೊಡನೆ ಅಳಿಯುತ್ತದೆ.

ಈ ಗಡಿಯಾರಗಳೆಲ್ಲ ಒಂದೇ ಸರಣಿಯಲ್ಲಿ ಜೋಡಣೆಗೊಂಡಿವೆ. ಕಟ್ಟಡದ ಕೊನೆಯ ಕೋಣೆಯಲ್ಲಿ ತಂತಿ ಕಡಿದರೂ ಮಿಡಿತ ಹರಿಯದು. ಆಗ ಪ್ರಧಾನ ಗಡಿಯಾರದ ತೋಳು ಮೇಲೇಳಲಾರದೆ ಉಳಿಯುತ್ತದೆ. ತಳ್ಳುವವರಿಲ್ಲದೆ ಲೋಲಕವೂ ಮೆಲ್ಲನೆ ನಿಲ್ಲುತ್ತದೆ. ಅನುಚರರನ್ನು ನಡೆಸುವ ಒಡೆಯನ ನಡೆಯೂ ಅನುಚರರ ಮೂಲಕವೇ ಹಾದುಬರಬೇಕು. ಜೀರ್ಣೋದ್ಧಾರಕನು ಮೂಲೆಯ ಸಣ್ಣ ಗಡಿಯಾರವನ್ನೂ ಅಷ್ಟೇ ಶ್ರದ್ಧೆಯಿಂದ ಪರೀಕ್ಷಿಸುವುದು ಇದಕ್ಕಾಗಿಯೇ.