ಆಚೆ ಕಡೆಯವರ ಕಿವಿಗೂ ಒಪ್ಪುವ ಹೆಡ್‌ಸೆಟ್

ರಾಯಚೂರಿನ ಅಂಗಡಿಗಳಲ್ಲಿ ವೈರ್‌ಲೆಸ್ ಹೆಡ್‌ಸೆಟ್ ಕೇಳಿದರೆ ಮೊದಲು ಒಂದು ಹಾಡು ಹಚ್ಚಿ ಕಿವಿಗೆ ಕೊಡುತ್ತಾರೆ. ದೇವದುರ್ಗದ ಮನೆಯಲ್ಲಿ ಕೂತು ಗ್ರಾಹಕರಿಗೆ ಖಾತೆ ಸಂಖ್ಯೆ, ಮೊತ್ತ ಓದಿ ಹೇಳುವುದು ನನ್ನ ಕೆಲಸ. ನನ್ನ ಮಾತು ಆಚೆ ಕಡೆಯವರಿಗೆ ಹೇಗೆ ಕೇಳುತ್ತದೆ ಎಂಬುದು ಆ ಹಾಡಿನಿಂದ ತಿಳಿಯುವುದಿಲ್ಲ. ಅದಕ್ಕೇ ಅಂಗಡಿಯಿಂದಲೇ ಮಾನ್ವಿಯ ತಮ್ಮನಿಗೆ ಫೋನ್ ಹಚ್ಚುತ್ತೇನೆ. ಬಾಗಿಲ ಹತ್ತಿರ, ಆಟೋಗಳ ಹಾರ್ನ್ ನಡುವೆ ನಿಂತು 'ಇಪ್ಪತ್ತು, ಎಪ್ಪತ್ತು, ಅರವತ್ತಾರು' ಎಂದು ಮಾಮೂಲು ದನಿಯಲ್ಲಿ ಓದುತ್ತೇನೆ. ಇಪ್ಪತ್ತಕ್ಕೂ ಎಪ್ಪತ್ತಕ್ಕೂ ಅವನಿಗೆ ವ್ಯತ್ಯಾಸ ಗೊತ್ತಾಗದಿದ್ದರೆ ಆ ಹೆಡ್‌ಸೆಟ್ ಎಷ್ಟೇ ಚೆಂದ ಹಾಡಲಿ, ನನಗೆ ಬೇಡ.

ಡಬ್ಬಿಯ ಮೇಲೆ ಎಎನ್‌ಸಿ ಎಂದಿದ್ದರೆ ಅದು ನಮ್ಮ ಕಿವಿಗೆ ಬೀಳುವ ಗದ್ದಲ ತಗ್ಗಿಸಲು. ಮೈಕಿನಿಂದ ಆಚೆ ಹೋಗುವ ಗದ್ದಲಕ್ಕೆ ಇಎನ್‌ಸಿ ಬೇಕು. ನಮ್ಮ ಕಡೆ ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟಿದಾಗ ಕೂಲರ್ ಆರಿಸಿ ಮಾತಾಡಲು ಆಗದು. ಅದರ ಗಾಳಿ ನೇರ ಮೈಕಿಗೆ ಹೊಡೆದರೆ ಇಎನ್‌ಸಿಯೂ ಸೋಲುತ್ತದೆ. ಬಾಯಿಯ ಅಂಚಿಗೆ ಬರುವ ಬೂಮ್ ಮೈಕ್, ಅದಕ್ಕೊಂದು ಸ್ಪಂಜಿನ ಟೊಪ್ಪಿಗೆ, ಕೂಲರಿಗೆ ಬೆನ್ನು ಮಾಡಿದ ಕುರ್ಚಿ: ಇಷ್ಟಿದ್ದರೆ ಹತ್ತಿ ಹೇರಿದ ಟ್ರ್ಯಾಕ್ಟರ್ ಬೀದಿಯಲ್ಲಿ ಹೋದರೂ ಮಾತು ಕೆಡುವುದಿಲ್ಲ. ಕಿವಿಯೊಳಗಿನ ಪುಟ್ಟ ಬಡ್‌ಗಳಲ್ಲಿ ಮೈಕ್ ಬಾಯಿಂದ ದೂರ. ದೂರ ಇಮ್ಮಡಿಯಾದರೆ ಮೈಕಿಗೆ ತಲುಪುವ ದನಿಯ ತೀವ್ರತೆ ಕಾಲು ಭಾಗಕ್ಕೆ ಇಳಿಯುತ್ತದೆ.

ರಾತ್ರಿ ತಮ್ಮನ ಜೊತೆ ಬಿಜಿಎಂಐ ಎಂಬ ಮೊಬೈಲ್ ಗೇಮ್ ಆಡುವಾಗ ಲೆಕ್ಕವೇ ಬೇರೆ. ಸಾಮಾನ್ಯ ಬ್ಲೂಟೂತ್‌ನಲ್ಲಿ ಮೈಕ್ ಆನ್ ಆದ ಕೂಡಲೇ ಹೆಡ್‌ಸೆಟ್ ಕರೆಯ ವಿಧಾನಕ್ಕೆ ಹೊರಳುತ್ತದೆ. ಧ್ವನಿಯ ಗುಣಮಟ್ಟ 8 ಅಥವಾ 16 ಕಿಲೋಹರ್ಟ್ಜ್‌ಗೆ ಕುಸಿಯುತ್ತದೆ, ಎಡ-ಬಲದ ಭೇದವೂ ಹೋಗುತ್ತದೆ. ಶತ್ರುವಿನ ಹೆಜ್ಜೆ ಯಾವ ಕಡೆಯಿಂದ ಬಂತೆಂದೇ ತಿಳಿಯದಿದ್ದರೆ ಆಡುವುದು ಹೇಗೆ? ಮೇಲಾಗಿ ಸದ್ದು ತಡವಾಗಿ ಬರುತ್ತದೆ. ಗುಂಡು ತಗಲಿದ ಮೇಲೆ ಅದು ಹಾರಿದ ಸದ್ದು! 2020ರ ಜನವರಿಯಲ್ಲಿ ಘೋಷಣೆಯಾದ ಬ್ಲೂಟೂತ್ ಎಲ್‌ಇ ಆಡಿಯೋ ಈ ಕೊರತೆ ನೀಗುತ್ತದೆ, ಆದರೆ ಫೋನ್, ಹೆಡ್‌ಸೆಟ್ ಎರಡರಲ್ಲೂ ಅದು ಇರಬೇಕು. ಅಲ್ಲಿಯವರೆಗೆ ಪೋರ್ಟಿಗೆ ಸಿಕ್ಕಿಸುವ 2.4 ಗಿಗಾಹರ್ಟ್ಜ್ ಡಾಂಗಲ್ ಇರುವ ಹೆಡ್‌ಸೆಟ್ಟನ್ನೇ ಕೊಳ್ಳಿ ಎನ್ನುತ್ತೇನೆ. ಫೋನಿನಲ್ಲಿ ಆಡುವವರಿಗೆ ಟೈಪ್-ಸಿ ಡಾಂಗಲ್ ಬೇಕು. ಲ್ಯಾಪ್‌ಟಾಪಿನಲ್ಲಿ ಯುಎಸ್‌ಬಿ 3.0 ಪೋರ್ಟಿನ ಪಕ್ಕದಲ್ಲೇ ಡಾಂಗಲ್ ಸಿಕ್ಕಿಸಿದರೆ ಸದ್ದು ತುಂಡುತುಂಡಾಗಬಹುದು. ಗೇಣುದ್ದದ ಎಕ್ಸ್‌ಟೆನ್ಶನ್ ವೈರಿನಿಂದ ಅದನ್ನು ದೂರ ಸರಿಸಿದರೆ ಸರಿಹೋಗುತ್ತದೆ.

ಕಿವಿ ಮುಚ್ಚುವ ದಿಂಬು ರೆಕ್ಸಿನ್ನಿನದ್ದಾದರೆ ನಮ್ಮ ಬೆವರಿಗೆ ಬೇಗ ಸಿಪ್ಪೆ ಏಳುತ್ತದೆ. ಬಟ್ಟೆಯದು ಮೇಲು, ಬಿಚ್ಚಿ ಬದಲಿಸಲು ಬಂದರೆ ಇನ್ನೂ ಒಳ್ಳೆಯದು. ಕರೆಂಟು ಹೋಗಿ ಬ್ಯಾಟರಿಯೂ ಮುಗಿದರೆ ಕರೆ ನಡುವೆ ಕಡಿಯಬಾರದಲ್ಲ, ಹಾಗಾಗಿ ವೈರ್ ಸಿಕ್ಕಿಸಿಯೂ ಮಾತಾಡಲು ಬರುವ ಮಾದರಿಯನ್ನೇ ಹುಡುಕುತ್ತೇನೆ, ಅದಕ್ಕೆ ನಾಲ್ಕು ದುಡ್ಡು ಹೆಚ್ಚಾದರೂ ಸರಿ.