ಮಗುವಿನ ಆಸನಕ್ಕೂ ಆಯುಸ್ಸುಂಟು

ಅಮೆರಿಕದಲ್ಲಿ ನೆಲೆಸಿರುವ ನಮ್ಮ ಕನ್ನಡ ಕುಟುಂಬಗಳಲ್ಲಿ, ಹಿರಿಯ ಮಗು ಬೆಳೆದಮೇಲೆ ಅದು ಕಾರಿನಲ್ಲಿ ಬಳಸುತ್ತಿದ್ದ ಬೂಸ್ಟರ್ ಸೀಟನ್ನು ತಮ್ಮನಿಗೋ ತಂಗಿಗೋ, ಸ್ನೇಹಿತರ ಮನೆಯ ಮಗುವಿಗೋ ದಾಟಿಸುವ ಪದ್ಧತಿಯು ಮಿತವ್ಯಯದ ದೃಷ್ಟಿಯಿಂದ ಶ್ಲಾಘ್ಯವೇ ಆದರೂ, ಆ ಆಸನಕ್ಕೂ ಒಂದು ಆಯುರ್ಮಾನವುಂಟೆಂಬುದನ್ನು ತಾಯಿತಂದೆಯರು ಮರೆಯಬಾರದು. ಸೀಟನ್ನು ಮಗುಚಿ ನೋಡಿರಿ: ತಳದ ಪ್ಲಾಸ್ಟಿಕ್ಕಿನ ಮೇಲೆ, ಇಲ್ಲವೆ ಅಲ್ಲಿ ಅಂಟಿಸಿದ ಚೀಟಿಯಲ್ಲಿ, ತಯಾರಾದ ದಿನಾಂಕವೋ ಇಂಥ ದಿನದ ತರುವಾಯ ಬಳಸಕೂಡದೆಂಬ ಸೂಚನೆಯೋ ಅಚ್ಚಾಗಿರುತ್ತದೆ. ಸಾಮಾನ್ಯವಾಗಿ 6ರಿಂದ 10 ವರ್ಷಗಳಷ್ಟಿರುವ ಈ ಅವಧಿಯನ್ನು, ನೀವು ಕೊಂಡ ದಿನದಿಂದಲ್ಲ, ತಯಾರಾದ ದಿನದಿಂದಲೇ ಎಣಿಸತಕ್ಕದ್ದು. ಇದು ಮಾರಾಟದ ತಂತ್ರವೆಂದು ತಳ್ಳಿಹಾಕಬೇಡಿರಿ. ಬೇಸಗೆಯಲ್ಲಿ ಮುಚ್ಚಿದ ಕಾರಿನೊಳಗಣ ತಾಪಕ್ಕೂ ಚಳಿಗಾಲದ ಕೊರೆತಕ್ಕೂ ವರ್ಷವರ್ಷವೂ ಈಡಾದ ಪ್ಲಾಸ್ಟಿಕ್ಕು ಕಣ್ಣಿಗೆ ಕಾಣದಂತೆ ಪೆಡಸಾಗುತ್ತ ಹೋಗಿ, ಸೀಟ್ ಬೆಲ್ಟನ್ನು ಮಗುವಿನ ಮೃದುವಾದ ಹೊಟ್ಟೆಯ ಮೇಲೇರಗೊಡದೆ ತೊಡೆಯ ಬುಡದಲ್ಲಿ ಹಿಡಿದಿರಿಸಬೇಕಾದ ಆ ಕೊಕ್ಕೆಯೇ ಅಪಘಾತದ ಕ್ಷಣದಲ್ಲಿ ಮುರಿದೀತು. ಪೂರ್ವಚರಿತ್ರೆ ತಿಳಿಯದ ಹಳೆಯ ಸೀಟನ್ನು ಎಷ್ಟೇ ಅಗ್ಗವಾದರೂ ಕೊಳ್ಳಬೇಡಿರಿ. ದೊಡ್ಡ ಅಪಘಾತವನ್ನು ಕಂಡ ಸೀಟು, ಅವಧಿ ಉಳಿದಿದ್ದರೂ, ತ್ಯಾಜ್ಯವೇ. ಅವಧಿ ಮುಗಿದುದನ್ನು ಹಾಗೆಯೇ ಬೀದಿಬದಿಗೆ ಇರಿಸದೆ, ಹೊದಿಕೆಯನ್ನು ಕಿತ್ತು, ‘ಬಳಸಬೇಡಿ’ ಎಂದು ದಪ್ಪಕ್ಷರದಲ್ಲಿ ಸುತ್ತಲಿನವರಿಗೆ ತಿಳಿಯುವ ಭಾಷೆಯಲ್ಲಿ ಬರೆದು ವಿಸರ್ಜಿಸಿರಿ. ಇಲ್ಲವಾದರೆ ಬೇರೊಬ್ಬರು ತಮ್ಮ ಮಗುವಿಗೆಂದು ಎತ್ತಿಕೊಂಡು ಹೋದಾರು.